ಸ್ಟೂಪ್ ಎಂಬ ಬಿಸಿ ಬಟ್ಟೆ

ನೂರು ವರ್ಷ ಹಿಂದಿನ ಇಂಗ್ಲಿಷ್ ನರ್ಸಿಂಗ್ ಕೈಪಿಡಿಗಳನ್ನು ತಿರುವಿ ಹಾಕಿದರೆ ‘ಸ್ಟೂಪ್’ ಎಂಬ ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಟೈಫಾಯ್ಡ್ ರೋಗಿಯ ಹೊಟ್ಟೆ ಗಾಳಿ ತುಂಬಿ ಬಿಗಿದುಕೊಂಡಿದೆಯೇ? ಟರ್ಪೆಂಟೈನ್ ಸ್ಟೂಪ್ ಹಾಕು. ಶಸ್ತ್ರಚಿಕಿತ್ಸೆ ಆದ ಮೇಲೆ ಕರುಳು ಅಲುಗಾಡುತ್ತಿಲ್ಲವೇ? ಅದಕ್ಕೂ ಸ್ಟೂಪ್. ಬೆನ್ನು ಹಿಡಿದುಕೊಂಡಿತೇ, ಪಕ್ಕೆ ನೋವೇ, ಮೂತ್ರ ಕಟ್ಟಿತೇ, ಎಲ್ಲಕ್ಕೂ ಬಿಸಿ ಸ್ಟೂಪ್. ವೈದ್ಯರು ಒಂದು ಪದ ಗೀಚಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದರು. ಆಮೇಲಿನ ಅರ್ಧ ಗಂಟೆಯ ಕೆಲಸ ನರ್ಸಿನದು.

ಆ ಕೆಲಸ ಹೇಗಿತ್ತು ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಉದ್ದನೆಯ ಒರಟು ಟವೆಲು. ಅದರ ಎರಡೂ ತುದಿಯ ಮಡಿಕೆಯಲ್ಲಿ ಒಂದೊಂದು ಗಿಡ್ಡ ಕೋಲು ತೂರಿಸಿರುತ್ತಾರೆ. ಎರಡು ಪದರದ ಫ್ಲಾನೆಲ್ ಬಟ್ಟೆಯನ್ನು ಈ ಟವೆಲಿನ ನಡುವೆ ಇಟ್ಟು, ಕೋಲುಗಳು ಹೊರಗೆ ಉಳಿಯುವಂತೆ ಬೇಸಿನ್ನಿನೊಳಗೆ ಇಳಿಬಿಟ್ಟು, ಮೇಲಿಂದ ಕುದಿಯುವ ನೀರು ಸುರಿಯಬೇಕು. ನಂತರ ಎರಡು ಕೋಲುಗಳನ್ನು ಎದುರು ಬದುರು ದಿಕ್ಕಿಗೆ ತಿರುಚಬೇಕು. ಕೈ ಸುಡದಂತೆ ನೀರೆಲ್ಲ ಹಿಂಡಿ ಹೋಗುತ್ತದೆ. ಎಷ್ಟು ಹಿಂಡಬೇಕೆಂದರೆ ಒಂದು ಹನಿಯೂ ತೊಟ್ಟಿಕ್ಕಬಾರದು. ಒದ್ದೆ ಹೆಚ್ಚಾದರೆ ರೋಗಿಯ ಚರ್ಮ ಬೆಂದು ಬೊಬ್ಬೆ ಏಳುತ್ತದೆ. ಹಿಂಡಿದ ಫ್ಲಾನೆಲನ್ನು ಒಮ್ಮೆ ಕೊಡವಿ, ಪದರಗಳ ನಡುವೆ ಗಾಳಿ ಸೇರಿಸಿ, ತನ್ನ ಮುಂಗೈಗೆ ತಾಗಿಸಿ ನೋಡಿ, ಆಮೇಲೆ ನಿಧಾನವಾಗಿ ಹೊಟ್ಟೆಯ ಮೇಲೆ ಹಾಸಬೇಕು. ಮೇಲೆ ನೀರು ಇಂಗದ ಬಟ್ಟೆ, ಅದರ ಮೇಲೆ ಹತ್ತಿ, ಅದರ ಮೇಲೆ ಪಟ್ಟಿ. ತಣ್ಣಗಾಗುವ ಮೊದಲೇ ಇನ್ನೊಂದು ಸಿದ್ಧವಿರಬೇಕು. ಟರ್ಪೆಂಟೈನ್ ಸ್ಟೂಪ್ ಆದರೆ ಹಿಂಡುವ ಮೊದಲೇ ಅಳತೆ ಮಾಡಿದ ಟರ್ಪೆಂಟೈನ್ ಎಣ್ಣೆ ಸೇರಿಸಿ, ಚರ್ಮ ಎಷ್ಟು ಕೆಂಪಾಯಿತು ಎಂದು ಅಂಚು ಎತ್ತಿ ಎತ್ತಿ ನೋಡುತ್ತಿರಬೇಕು.

ಆ ನೀರು ಇಂಗದ ಬಟ್ಟೆಗೆ ಇಂಗ್ಲಿಷ್ ಕೈಪಿಡಿಗಳು ‘ಜಾಕೊನೆಟ್’ ಎನ್ನುತ್ತವೆ. ಕೇಳಲು ಫ್ರೆಂಚ್ ಪದದಂತಿದೆ, ಆದರೆ ಅದು ನಮ್ಮ ಜಗನ್ನಾಥ. ಒಡಿಶಾದ ಜಗನ್ನಾಥಪುರಿಯ ಕಡೆಯಿಂದ ಹೋಗುತ್ತಿದ್ದ ‘ಜಗನ್ನಾಥಿ’ ಹತ್ತಿ ಬಟ್ಟೆ ಇಂಗ್ಲಿಷರ ಬಾಯಲ್ಲಿ ಜಾಕೊನೆಟ್ ಆಗಿ, ಮುಂದೆ ಒಂದು ಬದಿಗೆ ಮೆರುಗು ಹಾಕಿಸಿಕೊಂಡು ಆಸ್ಪತ್ರೆ ಸೇರಿತು. ಲಂಡನ್ನಿನ ಯಾವ ರೋಗಿಗೂ ತನ್ನ ಹೊಟ್ಟೆಯ ಮೇಲೆ ಪುರಿಯ ದೇವರ ಹೆಸರು ಕೂತಿದೆ ಎಂದು ಗೊತ್ತಿದ್ದಿರಲಿಕ್ಕಿಲ್ಲ.

ಈಗ ಸ್ಟೂಪ್‌ನ ಹುಟ್ಟಿಗೆ ಬರೋಣ. ಸಾಂಚಿಯ ಸ್ತೂಪಕ್ಕೂ ಇದಕ್ಕೂ ಸಂಬಂಧ ಕಟ್ಟಲು ಹೋಗಬೇಡಿ. ಇದರ ಮೂಲ ಲ್ಯಾಟಿನ್ನಿನ ‘ಸ್ಟುಪ್ಪ’, ಅದಕ್ಕೂ ಹಿಂದೆ ಗ್ರೀಕಿನ ‘ಸ್ಟುಪ್ಪೆ’. ಅರ್ಥ ಬಹಳ ಸಾದಾ: ಅಗಸೆ ನಾರನ್ನು ಬಾಚಿದಾಗ ಹಣಿಗೆಗೆ ಸಿಕ್ಕಿ ಉಳಿಯುವ ಒರಟು ಸಿಕ್ಕು. ಒಳ್ಳೆಯ ನೀಳ ಎಳೆಗಳು ಲಿನನ್ ಬಟ್ಟೆಗೆ ಹೋದ ಮೇಲೆ ಉಳಿದದ್ದು. ಹಗ್ಗ ಹೊಸೆಯಲು, ಹಡಗಿನ ಹಲಗೆಗಳ ಸಂದಿಗೆ ತುರುಕಲು, ಬೆಂಕಿ ಹೊತ್ತಿಸಲು ಅದೇ ಬೇಕು. ಅಗ್ಗದ ವಸ್ತು, ನೀರನ್ನೂ ಎಣ್ಣೆಯನ್ನೂ ಚೆನ್ನಾಗಿ ಹೀರುತ್ತದೆ. ಹಾಗಾಗಿ ಹಳೆಯ ಶಸ್ತ್ರವೈದ್ಯರು ಅದನ್ನು ಬಿಸಿ ಕಷಾಯದಲ್ಲಿ ಅದ್ದಿ ನೋವಿದ್ದ ಕಡೆ ಇಡುತ್ತಿದ್ದರು. ಮಧ್ಯಯುಗದ ಕೊನೆಯ ಹೊತ್ತಿಗೆ ಈ ಪದ ಇಂಗ್ಲಿಷಿಗೆ ಬಂತು. ನಾರಿನ ಜಾಗಕ್ಕೆ ಬಟ್ಟೆ ಬಂದ ಮೇಲೂ ಹೆಸರು ಬದಲಾಗಲಿಲ್ಲ. ಫ್ಲಾನೆಲ್ ಹಿಂಡುತ್ತಿದ್ದ ನರ್ಸ್ ಅಗಸೆ ನಾರಿನ ಹೆಸರನ್ನೇ ಹೇಳುತ್ತಿದ್ದಳು.

ಇದೇ ಸ್ಟುಪ್ಪದಿಂದ ಬಂದ ಇನ್ನೊಂದು ಪದವನ್ನು ಕನ್ನಡಿಗರು ದಿನಕ್ಕೆ ಹತ್ತು ಸಲ ಬಳಸುತ್ತಾರೆ. ಸಂದಿಗೆ ನಾರು ತುರುಕಿ ಸೋರಿಕೆ ನಿಲ್ಲಿಸುವುದಕ್ಕೆ ಆಡುಮಾತಿನ ಲ್ಯಾಟಿನ್ನಿನಲ್ಲಿ ‘ಸ್ಟುಪ್ಪಾರೆ’ ಎಂಬ ಕ್ರಿಯಾಪದವಿತ್ತೆಂದೂ, ಇಂಗ್ಲಿಷಿನ ‘ಸ್ಟಾಪ್’ ಅಲ್ಲಿಂದಲೇ ಹುಟ್ಟಿತೆಂದೂ ಹೆಚ್ಚಿನ ನಿರುಕ್ತಕಾರರು ಒಪ್ಪುತ್ತಾರೆ. ಮೊದಲು ತೂತು ಮುಚ್ಚುವುದು, ಆಮೇಲೆ ಹರಿಯುವುದನ್ನು ನಿಲ್ಲಿಸುವುದು, ಕೊನೆಗೆ ಏನನ್ನಾದರೂ ನಿಲ್ಲಿಸುವುದು. ಅಂದಮೇಲೆ ನಮ್ಮ ಬಸ್‌ಸ್ಟಾಪು ಕೂಡ ಆಸ್ಪತ್ರೆಯ ಬಿಸಿ ಬಟ್ಟೆಗೆ ದಾಯಾದಿಯೇ. ಟೆಫ್ಲಾನ್ ಟೇಪು ಬರುವ ಮೊದಲು ನಲ್ಲಿಯ ಮರೆಗೆ ಸೆಣಬಿನ ನಾರು ಸುತ್ತಿ ಬಿಗಿಯುತ್ತಿದ್ದ ಪ್ಲಂಬರ್ ಮಾಡುತ್ತಿದ್ದದ್ದು ಅಕ್ಷರಶಃ ಸ್ಟುಪ್ಪಾರೆ.

ಟರ್ಪೆಂಟೈನ್ ಯಾಕೆ ಎಂಬ ಪ್ರಶ್ನೆ ಉಳಿಯಿತು. ಬಣ್ಣ ತೆಳುವಾಗಿಸುವ ಎಣ್ಣೆಗೂ ಹೊಟ್ಟೆಗೂ ಏನು ಸಂಬಂಧ? ಆಗಿನ ವೈದ್ಯಕೀಯದಲ್ಲಿ ಒಂದು ಗಟ್ಟಿ ನಂಬಿಕೆಯಿತ್ತು: ಒಳಗಿನ ಅಂಗಕ್ಕೆ ತೊಂದರೆಯಾದರೆ ಹೊರಗಿನ ಚರ್ಮವನ್ನು ಕೆರಳಿಸಿ ಕೆಂಪಾಗಿಸಬೇಕು, ಆಗ ರಕ್ತ ಹೊರಕ್ಕೆ ಸೆಳೆದುಕೊಂಡು ಒಳಗಿನ ಉರಿ ಇಳಿಯುತ್ತದೆ. ಸಾಸಿವೆ ಪಟ್ಟು, ಬೊಬ್ಬೆ ಬರಿಸುವ ಲೇಪ, ಟರ್ಪೆಂಟೈನ್, ಎಲ್ಲದರ ಹಿಂದಿನ ತರ್ಕ ಇದೇ. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ ಬರೆ ಹಾಕುತ್ತಿದ್ದವರ ತರ್ಕವೂ ಬಹುಪಾಲು ಇದೇ, ಕೆಲವೆಡೆ ಆ ಪಾಪದ ಕೆಲಸ ಇನ್ನೂ ನಿಂತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಾವು ನಗುತ್ತೇವೆ. ಅದನ್ನೇ ಗಂಭೀರವಾಗಿ ಪಠ್ಯಪುಸ್ತಕದಲ್ಲಿ ಬರೆದಿದ್ದ ಕಾಲವೊಂದಿತ್ತು. ವ್ಯತ್ಯಾಸ ಇಷ್ಟೇ, ಅಲ್ಲಿ ಎತ್ತೂ ಎಮ್ಮೆಯೂ ಒಂದೇ ದೇಹದಲ್ಲಿದ್ದವು. ಆದರೂ ಬಿಸಿ ಬಟ್ಟೆಯನ್ನು ಬರೆಯ ಪಕ್ಕದಲ್ಲಿ ನಿಲ್ಲಿಸುವುದು ಅನ್ಯಾಯ. ಬರೆ ಗಾಯ ಮಾಡುತ್ತದೆ, ನಂಜಾಗುತ್ತದೆ, ಮಗುವಿನ ಮೈಮೇಲೆ ಸಾಯುವತನಕ ಕಲೆ ಉಳಿಸುತ್ತದೆ. ಸ್ಟೂಪ್‌ನಿಂದ ಟರ್ಪೆಂಟೈನನ್ನು ಕಳೆದರೆ ಉಳಿಯುವುದು ಹದವಾದ ಬಿಸಿ, ಅದಕ್ಕೆ ನಿಜವಾದ ಗುಣವಿದೆ.

ಬಿಸಿ ಇಡುವ ಚಿಕಿತ್ಸೆಗಳ ಹೆಸರುಗಳೆಲ್ಲ ಹೀಗೆ ಕೈಗೆ ಸಿಕ್ಕ ವಸ್ತುವಿನಿಂದಲೇ ಹುಟ್ಟಿರುವುದು ನನಗೆ ಖುಷಿ ಕೊಡುವ ವಿಷಯ. ‘ಪೌಲ್ಟಿಸ್’ ತೆಗೆದುಕೊಳ್ಳಿ. ಲ್ಯಾಟಿನ್ನಿನಲ್ಲಿ ‘ಪುಲ್ಸ್’ ಎಂದರೆ ಹಿಟ್ಟು ಕದಡಿ ಬೇಯಿಸಿದ ಗಟ್ಟಿ ಅಂಬಲಿ. ಗೋಧಿ ರೊಟ್ಟಿ ಮನೆಮಾತಾಗುವ ಮೊದಲು ರೋಮನ್ನರು ಬದುಕಿದ್ದು ಆ ಅಂಬಲಿಯ ಮೇಲೆ. ಅದರ ಬಹುವಚನ ‘ಪುಲ್ಟೆಸ್’, ಅದರಿಂದ ಪೌಲ್ಟಿಸ್. ಅಂದರೆ ನಿನ್ನೆಯ ಊಟವನ್ನೇ ಬಿಸಿ ಮಾಡಿ ಕುರುವಿನ ಮೇಲೆ ಮೆತ್ತಿದ್ದು. ಇಂಗ್ಲಿಷ್ ಮನೆಗಳಲ್ಲಿ ಅದಕ್ಕೆ ಅಗಸೆಬೀಜದ ಹಿಟ್ಟು, ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಇಲ್ಲಿ ರಾಗಿ ಹಿಟ್ಟನ್ನು ನೀರಿನಲ್ಲಿ ಕಲಸಿ ಬೇಯಿಸಿ, ಬಟ್ಟೆಗೆ ಸವರಿ, ಬಿಸಿಬಿಸಿಯಾಗಿ ಕುರುವಿನ ಮೇಲೆ ಕಟ್ಟಿದ ಅಜ್ಜಿಯರಿಗೆ ಲೆಕ್ಕವಿಲ್ಲ. ಕುರು ಹಣ್ಣಾಗಬೇಕು, ಬಾಯಿ ಬಿಡಬೇಕು, ಕೀವು ಇಳಿಯಬೇಕು. ಪೆನಿಸಿಲಿನ್ ಇಲ್ಲದ ಲೋಕದಲ್ಲಿ ಅದು ಸಣ್ಣ ಮಾತಲ್ಲ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ 14ನೇ ಅಧ್ಯಾಯ ಪೂರ್ತಿ ಸ್ವೇದಕ್ಕೇ, ಅಂದರೆ ಶಾಖ ಕೊಟ್ಟು ಬೆವರಿಸುವುದಕ್ಕೇ ಮೀಸಲು. ಬಿಸಿ ಉಂಡೆಯಿಂದ ಶಾಖ ಕೊಡುವ ಅಲ್ಲಿನ ಪಿಂಡಸ್ವೇದದ ಸಾಮಗ್ರಿ ಓದುತ್ತಾ ಹೋದರೆ ಅಡುಗೆಮನೆಗೆ ಕಾಲಿಟ್ಟಂತಾಗುತ್ತದೆ: ಎಳ್ಳು, ಉದ್ದು, ಹುರುಳಿ, ತುಪ್ಪ, ಎಣ್ಣೆ, ಅನ್ನ, ಮಾಂಸ, ಕೊನೆಗೆ ಪಾಯಸ! ರೋಮನ್ನರ ಅಂಬಲಿಗೂ ಚರಕನ ಪಾಯಸಕ್ಕೂ ನಡುವೆ ಯಾರೂ ಪತ್ರ ಬರೆದುಕೊಂಡಿರಬೇಕಿಲ್ಲ. ಬೇಯಿಸಿದ ಧಾನ್ಯ ಬಿಸಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆ, ಮೈಯ ಉಬ್ಬುತಗ್ಗಿಗೆ ಹೊಂದಿಕೊಳ್ಳುತ್ತದೆ, ಮನೆಯಲ್ಲಿ ಯಾವಾಗಲೂ ಇರುತ್ತದೆ. ಕಾರಣ ಇಷ್ಟು ಸಾಕು. ಕೇರಳದ ಞವರಕ್ಕಿಳಿಯಲ್ಲಿ, ಅದನ್ನು ಕಲಿತ ನಮ್ಮ ಕಡೆಯ ಆಯುರ್ವೇದ ಕೇಂದ್ರಗಳಲ್ಲಿ, ಹಾಲಿನಲ್ಲಿ ಬೇಯಿಸಿದ ಷಷ್ಟಿಕ ಅಕ್ಕಿಯ ಗಂಟು ಇವತ್ತಿಗೂ ಮೈಮೇಲೆ ಉರುಳುತ್ತಿದೆ. ಬಿಲ್ಲು ಮಾತ್ರ ಪಾಯಸದ್ದಲ್ಲ.

ಇನ್ನು ‘ಫೊಮೆಂಟೇಶನ್’. ಸ್ಟೂಪ್ ಮರೆಯಾದರೂ ಇದು ಉಳಿದಿದೆ. ಜಿಲ್ಲಾ ಆಸ್ಪತ್ರೆಯ ಚೀಟಿಯಲ್ಲೂ ‘ಹಾಟ್ ಫೊಮೆಂಟೇಶನ್’ ಎಂದು ಬರೆಯುವವರಿದ್ದಾರೆ, ಅದನ್ನು ಓದಿದ ಸಿಸ್ಟರ್ ಕನ್ನಡದಲ್ಲಿ ‘ಶಾಖ ಕೊಡಿ’ ಎನ್ನುತ್ತಾರೆ. ಮರಾಠಿಯಲ್ಲಿ ಅದಕ್ಕೆ ‘ಶೇಕ್’, ಹಿಂದಿಯಲ್ಲಿ ‘ಸೇಂಕ್’. ಲ್ಯಾಟಿನ್ನಿನ ‘ಫೊವೇರೆ’ ಎಂಬ ಧಾತುವಿನಿಂದ ‘ಫೊಮೆಂಟುಮ್’ ಬಂತು, ಬಿಸಿ ಇಡುವ ವಸ್ತು ಎಂಬ ಅರ್ಥದಲ್ಲಿ. ಫೊವೇರೆ ಎಂದರೆ ಬೆಚ್ಚಗಿಡು. ಅಷ್ಟೇ ಅಲ್ಲ, ಅಕ್ಕರೆಯಿಂದ ನೋಡಿಕೊ, ಪೋಷಿಸು ಎಂದೂ ಹೌದು. ಇನ್ನೊಂದು ಬಳಕೆ ಅದಕ್ಕಿಂತ ಚಂದ: ಕೋಳಿ ಮೊಟ್ಟೆಯ ಮೇಲೆ ಕೂತರೆ ಆ ಕೂರುವಿಕೆಗೂ ರೋಮನ್ನರು ಫೊವೇರೆಯನ್ನೇ ಬಳಸುತ್ತಿದ್ದರು.

ಇಲ್ಲಿ ಕನ್ನಡಿಗನಿಗೆ ಕಿವಿ ನೆಟ್ಟಗಾಗಬೇಕು. ನಮ್ಮಲ್ಲೂ ಕೋಳಿ ಕಾವು ಕೂರುತ್ತದೆ, ಉಳುಕಿದ ಕಾಲಿಗೂ ಕಾವು ಕೊಡುತ್ತೇವೆ. ಎರಡೂ ಒಂದೇ ಕಾವು. ಲ್ಯಾಟಿನ್ನಿಗೂ ಕನ್ನಡಕ್ಕೂ ರಕ್ತಸಂಬಂಧವಿಲ್ಲ, ಆದರೂ ಇಬ್ಬರೂ ಹೇಟೆಯ ರೆಕ್ಕೆಯಡಿಯಲ್ಲೇ ಆ ಮಾತನ್ನು ಕಂಡಿದ್ದಾರೆ. ಕನ್ನಡದಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಹೆಂಚು ಕಾಯುತ್ತದೆ, ಹೊಲವನ್ನೂ ಕಾಯುತ್ತೇವೆ. ಬಿಸಿಯಾಗುವ ಕಾಯು ಬೇರೆ, ಕಾಪಾಡುವ ಕಾಯು ಬೇರೆ, ಬರೋ ಮತ್ತು ಎಮೆನೊ ಸಂಪಾದಿಸಿದ ದ್ರಾವಿಡ ನಿರುಕ್ತಕೋಶ ಎರಡಕ್ಕೂ ಬೇರೆ ಬೇರೆ ಧಾತು ಕೊಡುತ್ತದೆ. ಆದರೆ ನಾಲಗೆಯ ಮೇಲೆ ಅವು ಒಂದಾಗಿಬಿಟ್ಟಿವೆ. ಲ್ಯಾಟಿನ್ ಒಂದೇ ಧಾತುವಿನಿಂದ ಪಡೆದ ಎರಡು ಅರ್ಥವನ್ನು ಕನ್ನಡ ಎರಡು ಧಾತುಗಳನ್ನು ಕೂಡಿಸಿ ಪಡೆಯಿತು. ಹಾಸಿಗೆಯ ಪಕ್ಕ ನಿಂತು ಬಟ್ಟೆ ಬದಲಿಸುತ್ತಿದ್ದ ನರ್ಸ್ ಎರಡೂ ಕಾಯುವಿಕೆಯನ್ನು ಒಟ್ಟಿಗೇ ಮಾಡುತ್ತಿದ್ದಳು.

ಫೊವೇರೆಯ ಬೇರನ್ನು ಇನ್ನೂ ಕೆಳಗೆ ಅಗೆದರೆ ಸಂಸ್ಕೃತದ ‘ದಹ್’ ಸಿಗುತ್ತದೆ. ಇಂಡೋ-ಯುರೋಪಿಯನ್ ಭಾಷಾಶಾಸ್ತ್ರಜ್ಞರ ಲೆಕ್ಕದಲ್ಲಿ ಇವೆರಡೂ ಒಂದೇ ಪ್ರಾಚೀನ ಧಾತುವಿನ ಕವಲುಗಳು. ಮೂಲದ ಮೊದಲ ಧ್ವನಿ ಸಂಸ್ಕೃತದಲ್ಲಿ ‘ದ’ ಆಯಿತು, ಲ್ಯಾಟಿನ್ನಿನಲ್ಲಿ ‘ಫ’ ಆಯಿತು. ಆ ಲೆಕ್ಕದಂತೆ ದಹನ, ಬೇಸಿಗೆಗೆ ಹೆಸರಾದ ನಿದಾಘ, ನಾವು ಬಾಯಾರಿಕೆಗೆ ಹೇಳುವ ದಾಹ, ಎಲ್ಲವೂ ಫೊಮೆಂಟೇಶನ್ನಿನ ಬಳಗ. ಸುಡುವುದೂ ಬೆಚ್ಚಗಿಡುವುದೂ ಒಂದೇ ಮನೆಯಿಂದ ಹೊರಟವು. ‘ಸ್ವೇದ’ದ ಕಥೆಯೂ ಅಂಥದ್ದೇ, ಇಂಗ್ಲಿಷಿನ ‘ಸ್ವೆಟ್’ ಮತ್ತು ಅದು ಒಂದೇ ಬೇರಿನವು. ಅದಕ್ಕಿಂತ ಹೆಚ್ಚು ಹೇಳಲು ಅದರಲ್ಲಿ ಏನೂ ಇಲ್ಲ.

ಫೊಮೆಂಟ್ ಎಂಬ ಕ್ರಿಯಾಪದ ಇಂಗ್ಲಿಷಿಗೆ 15ನೇ ಶತಮಾನದಲ್ಲಿ ಬಂದಾಗ ಅದರ ಅರ್ಥ ನೋವಿಗೆ ಶಾಖ ಕೊಡು ಎಂದಷ್ಟೇ. 17ನೇ ಶತಮಾನದಲ್ಲಿ ಅದು ಆಸ್ಪತ್ರೆ ಬಿಟ್ಟು ಬೀದಿಗಿಳಿಯಿತು. ಜಗಳಕ್ಕೆ ಶಾಖ ಕೊಡು, ದಂಗೆಗೆ ಕಾವು ಕೊಡು. ಇವತ್ತು ಇಂಗ್ಲಿಷ್ ಪತ್ರಿಕೆಗಳಲ್ಲಿ ಆ ಕ್ರಿಯಾಪದ ಸಿಗುವುದು ಹೆಚ್ಚಾಗಿ ಗಲಭೆಯ ವರದಿಗಳಲ್ಲಿ. ಕುಮ್ಮಕ್ಕು ಕೊಡುವವರ ಕೈಯಲ್ಲೂ ಒಂದು ಬಿಸಿ ಬಟ್ಟೆ ಇದೆಯೆಂದು ಓದುಗರಿಗೆ ಹೊಳೆಯುವುದಿಲ್ಲ.

ಈ ಬಳಗದ ಇನ್ನೊಬ್ಬ ಸದಸ್ಯನನ್ನು ನಾವು 2020ರಲ್ಲಿ ಮನೆಬಾಗಿಲಲ್ಲೇ ಎದುರುಗೊಂಡಿದ್ದೆವು. ಫೊವೇರೆಯಿಂದಲೇ ಬಂದ ಲ್ಯಾಟಿನ್ ‘ಫೋಮೆಸ್’ ಎಂದರೆ ಬೆಂಕಿ ಹೊತ್ತಿಸುವ ಪುರಳೆ. ವೆರೋನಾದ ವೈದ್ಯ ಜಿರೊಲಾಮೊ ಫ್ರಾಕಸ್ಟೋರೊ 1546ರಲ್ಲಿ ಸಾಂಕ್ರಾಮಿಕ ರೋಗಗಳ ಕುರಿತು ಬರೆದ ಗ್ರಂಥದಲ್ಲಿ ಈ ಪದವನ್ನು ಎತ್ತಿಕೊಂಡ. ರೋಗ ಮೂರು ಬಗೆಯಲ್ಲಿ ಹರಡುತ್ತದೆ ಎಂಬುದು ಅವನ ವಾದ: ನೇರ ಸ್ಪರ್ಶದಿಂದ, ದೂರದಿಂದ, ಮತ್ತು ಬಟ್ಟೆ ಮರಗಳಂಥ ವಸ್ತುಗಳ ಮೂಲಕ. ಪುರಳೆಯಲ್ಲಿ ಕಿಡಿ ಅಡಗಿರುವ ಹಾಗೆ ರೋಗದ ಬೀಜವನ್ನು ಅಡಗಿಸಿಟ್ಟುಕೊಳ್ಳುವ ಆ ವಸ್ತುಗಳೇ ಫೋಮೆಸ್, ಬಹುವಚನದಲ್ಲಿ ‘ಫೋಮಿಟೆಸ್’. ಕೋವಿಡ್ ಕಾಲದಲ್ಲಿ ವಿಜ್ಞಾನಿಗಳು ಚರ್ಚಿಸಿದ ‘ಫೊಮೈಟ್’ ಇದೇ. ನಾವು ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿದ್ದು, ಟೊಮೇಟೊವನ್ನು ಉಪ್ಪುನೀರಿನಲ್ಲಿ ಮುಳುಗಿಸಿದ್ದು, ಪೇಪರನ್ನು ಬಿಸಿಲಿಗೆ ಹಾಕಿ ಓದಿದ್ದು ಅದರ ಭಯದಿಂದ. ವಸ್ತುಗಳ ಮೇಲ್ಮೈಯಿಂದ ಈ ವೈರಸ್ ಹರಡುವ ಅಪಾಯ ಬಹಳ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳುವಷ್ಟರಲ್ಲಿ ನಮ್ಮ ಕೈಯ ಚರ್ಮ ಒರಟಾಗಿ ಹೋಗಿತ್ತು.

ಪದಗಳಿಂದ ಚಿಕಿತ್ಸೆಗೆ ಮರಳೋಣ. ಹಿಪ್ಪೊಕ್ರೇಟಿಸ್ ಹೆಸರಿನಲ್ಲಿ ಉಳಿದುಬಂದಿರುವ ಗ್ರೀಕ್ ಗ್ರಂಥಗಳಲ್ಲಿ ಒಂದು ತೀವ್ರ ರೋಗಗಳ ಪಥ್ಯದ ಕುರಿತಾದದ್ದು. ಪಕ್ಕೆನೋವಿಗೆ ಮೊದಲು ಶಾಖ ಕೊಟ್ಟು ನೋಡಬೇಕು ಎಂದು ಅದು ಹೇಳಿ, ಒದ್ದೆ ಶಾಖ ಒಣ ಶಾಖಗಳನ್ನು ಬೇರೆ ಮಾಡುತ್ತದೆ. ಚರ್ಮದ ಚೀಲದಲ್ಲೋ ಪ್ರಾಣಿಯ ಮೂತ್ರಕೋಶದಲ್ಲೋ ಕಂಚಿನ ಅಥವಾ ಮಣ್ಣಿನ ಪಾತ್ರೆಯಲ್ಲೋ ಬಿಸಿನೀರು ತುಂಬಿಸಿ ಇಡಬಹುದು, ಆದರೆ ಕೆಳಗೆ ಮೆತ್ತನೆಯದೇನಾದರೂ ಹಾಸಿರಬೇಕು. ದೊಡ್ಡ ಸ್ಪಂಜನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಇಡಬಹುದು, ಆದರೆ ಮೇಲೆ ಮುಚ್ಚಬೇಕು. ಮುಚ್ಚಿದರೆ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ, ಹಬೆ ರೋಗಿಯ ಮೂಗಿಗೆ ಹೋಗುವುದಿಲ್ಲ. ಒಣ ಶಾಖಕ್ಕೆ ಉಣ್ಣೆಯ ಚೀಲದಲ್ಲಿ ಉಪ್ಪು ಅಥವಾ ಹುರಿದ ಸಿರಿಧಾನ್ಯ. ಸಿರಿಧಾನ್ಯ ಹಗುರ, ಮೈಗೆ ಹಿತ ಎಂಬ ಟಿಪ್ಪಣಿಯೂ ಇದೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ಬರಹಗಾರನನ್ನು ಇವತ್ತು ಚಿತ್ರದುರ್ಗದ ಯಾವುದೋ ಹಳ್ಳಿಮನೆಗೆ ಕರೆತಂದರೆ, ಬಾಂಡಲಿಯಲ್ಲಿ ಉಪ್ಪು ಹುರಿದು ಹಳೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟುತ್ತಿರುವ ಹೆಂಗಸಿಗೆ ಹೊಸದಾಗಿ ಹೇಳಿಕೊಡುವುದು ಏನೂ ಇರುವುದಿಲ್ಲ. ಅವಳೇ ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕೆಂಡದ ಮೇಲೆ ಬಾಡಿಸಿ ಮಂಡಿಗೆ ಕಟ್ಟುವುದನ್ನು, ಲಕ್ಕಿಸೊಪ್ಪು ಕುದಿಸಿದ ನೀರನ್ನು ಸೊಂಟಕ್ಕೆ ಹುಯ್ಯುವುದನ್ನು ತೋರಿಸಿಕೊಟ್ಟಾಳು.

ಚರಕನದು ಮಾತ್ರ ಇನ್ನೂ ದೊಡ್ಡ ಸಂಸಾರ. ಬೆಂಕಿಯ ಬಿಸಿಯಿಂದ ಬೆವರಿಸುವ ಬಗೆಗಳೇ ಹದಿಮೂರು. ಅದರಲ್ಲಿ ‘ಜೇಂತಾಕ’ ಎಂಬುದೊಂದು. ಕೆರೆಯ ದಂಡೆಯಲ್ಲಿ ಜಾಗ ನೋಡಿ, ಮಣ್ಣಿನಿಂದ ಗುಂಡನೆಯ ಕೋಣೆ ಕಟ್ಟಿ, ಗವಾಕ್ಷಿಗಳನ್ನಿಟ್ಟು, ನಡುವೆ ಒಲೆ ಹೂಡಿ, ಖದಿರದ ಕಟ್ಟಿಗೆ ಉರಿಸಿ, ಹೊಗೆಯೆಲ್ಲ ಹೋಗಿ ಕಾವಷ್ಟೇ ಉಳಿದ ಮೇಲೆ ಎಣ್ಣೆ ಹಚ್ಚಿಕೊಂಡ ರೋಗಿ ಒಳಗೆ ಹೋಗಬೇಕು. ಜಗಲಿಯ ಮೇಲೆ ಮಲಗಬೇಕು, ತಲೆ ಸುತ್ತಿದರೂ ಜಗಲಿಯ ಹಿಡಿತ ಬಿಡಬಾರದು, ಬಿಟ್ಟರೆ ಬಾಗಿಲು ಸಿಗದೆ ಪ್ರಾಣಕ್ಕೆ ಸಂಚಕಾರ. ಫಿನ್ಲೆಂಡಿನವರು ಸೌನಾ ಎಂದು ಜಗತ್ತಿಗೆ ಮಾರುವುದನ್ನು ಇಷ್ಟು ಎಚ್ಚರಿಕೆಯ ಮಾತುಗಳೊಂದಿಗೆ ಮಾರುವುದಿಲ್ಲ. ಇದಲ್ಲದೆ ಬೆಂಕಿಯಿಲ್ಲದೆ ಬೆವರುವ ಹತ್ತು ದಾರಿಗಳನ್ನೂ ಚರಕ ಎಣಿಸುತ್ತಾನೆ: ವ್ಯಾಯಾಮ, ಬೆಚ್ಚನೆಯ ಕೋಣೆ, ದಪ್ಪ ಹೊದಿಕೆ, ಹಸಿವು, ಅತಿಯಾದ ಮದ್ಯಪಾನ, ಭಯ, ಕೋಪ, ಪಟ್ಟು ಕಟ್ಟುವುದು, ಕಾದಾಟ, ಬಿಸಿಲು. ಭಯವನ್ನು ಚಿಕಿತ್ಸೆಯ ಪಟ್ಟಿಗೆ ಸೇರಿಸಿದವನಿಗೆ ನಮ್ಮ ಕಾಲದ ತೆರಿಗೆ ನೋಟಿಸಿನ ಪರಿಚಯ ಇರಲಿಲ್ಲ ಎನ್ನುವುದು ಕಷ್ಟ. ಮುಖ್ಯವಾದ ಮಾತು ಬೇರೆಯೇ ಇದೆ. ವೃಷಣ, ಹೃದಯ, ಕಣ್ಣು, ಈ ಮೂರಕ್ಕೆ ಶಾಖ ಬೇಡ, ಕೊಡಲೇಬೇಕಾದರೆ ಮೃದುವಾಗಿರಲಿ ಎಂದು ಅದೇ ಅಧ್ಯಾಯ ಕಟ್ಟುನಿಟ್ಟಾಗಿ ಹೇಳುತ್ತದೆ. ಎಲ್ಲಿ ಕೊಡಬೇಕು ಎಂದು ಹೇಳುವವರು ಬೇಕಾದಷ್ಟು ಜನ. ಎಲ್ಲಿ ಕೊಡಬಾರದು ಎಂದು ಬರೆದಿಟ್ಟವನನ್ನು ನಾನು ಹೆಚ್ಚು ನಂಬುತ್ತೇನೆ.

20ನೇ ಶತಮಾನದಲ್ಲಿ ಬಿಸಿ ಬಟ್ಟೆಗೆ ಒಂದು ಸಲ ಜಗದ್ವಿಖ್ಯಾತಿ ಬಂತು, ಅದು ಎಲಿಜಬೆತ್ ಕೆನಿ ಅವರಿಂದ. 1880ರಲ್ಲಿ ಆಸ್ಟ್ರೇಲಿಯಾದ ವಾರಿಯಾಲ್ಡಾದಲ್ಲಿ ಹುಟ್ಟಿದವರು. ವಿಧಿವತ್ತಾದ ನರ್ಸಿಂಗ್ ತರಬೇತಿ ಇರಲಿಲ್ಲ. ಹೆಸರಿನ ಹಿಂದಿದ್ದ ‘ಸಿಸ್ಟರ್’ ಎಂಬುದು ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳ ಹಡಗುಗಳಲ್ಲಿ ದುಡಿದು ಗಳಿಸಿದ ಸೇನಾ ಪದವಿ. ಪೋಲಿಯೊ ತಗುಲಿದ ಮಕ್ಕಳ ಕೈಕಾಲುಗಳನ್ನು ಆಗ ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲೋ ಕಬ್ಬಿಣದ ಪಟ್ಟಿಯಲ್ಲೋ ಅಲುಗಾಡದಂತೆ ಕಟ್ಟಿಹಾಕುತ್ತಿದ್ದರು. ಕೆನಿ ಮಾಡಿದ್ದು ಅದರ ತದ್ವಿರುದ್ಧ. ಉಣ್ಣೆಯ ಕಂಬಳಿಯನ್ನು ಸ್ನಾಯುವಿನ ಆಕಾರಕ್ಕೆ ಕತ್ತರಿಸಿ, ಕುದಿನೀರಿನಲ್ಲಿ ಅದ್ದಿ, ಒಂದು ಹನಿಯೂ ಉಳಿಯದಂತೆ ಹಿಂಡಿ, ಸೆಟೆದುಕೊಂಡ ಸ್ನಾಯುವಿಗೆ ಸುತ್ತುವುದು, ಕೀಲುಗಳನ್ನು ಬಿಟ್ಟು. ನೋವು ಇಳಿದ ಮೇಲೆ ಆ ಅಂಗವನ್ನು ಮೆಲ್ಲಗೆ ಆಡಿಸುವುದು. ನೋಡಿದರೆ ಹಳೆಯ ಸ್ಟೂಪ್‌ನದೇ ವಿಧಾನ, ಟರ್ಪೆಂಟೈನ್ ಒಂದಿಲ್ಲ.

ಆಸ್ಟ್ರೇಲಿಯಾದ ವೈದ್ಯರು ಅವರನ್ನು ಹತ್ತಿರ ಸೇರಿಸಲಿಲ್ಲ. ಕ್ವೀನ್ಸ್‌ಲ್ಯಾಂಡ್ ಸರ್ಕಾರ ನೇಮಿಸಿದ ಆಯೋಗದ ವರದಿ 1938ರಲ್ಲಿ ಅವರ ವಿಧಾನವನ್ನು ಕಟುವಾಗಿ ತಳ್ಳಿಹಾಕಿತು. 1940ರಲ್ಲಿ ಅಮೆರಿಕಕ್ಕೆ ಹೋದರು. ಮಿನಿಯಾಪೊಲಿಸ್‌ನ ಕೆಲವು ವೈದ್ಯರು ಕಣ್ಣಾರೆ ನೋಡಿ ಒಪ್ಪಿದರು. 1942ರಲ್ಲಿ ಅಲ್ಲಿ ಅವರ ಹೆಸರಿನ ಸಂಸ್ಥೆಯೇ ತಲೆಯೆತ್ತಿತು. 1946ರಲ್ಲಿ ಹಾಲಿವುಡ್ ಅವರ ಕುರಿತು ಸಿನಿಮಾ ಮಾಡಿತು. ಆ ವಾರ್ಡುಗಳಲ್ಲಿ ಮಲಗಿ ಬದುಕುಳಿದವರು ಮುದುಕರಾದ ಮೇಲೂ ಹೇಳುತ್ತಿದ್ದದ್ದು ಒದ್ದೆ ಉಣ್ಣೆಯ ವಾಸನೆಯ ಬಗ್ಗೆ. ಮಕ್ಕಳು ಆ ಪಟ್ಟಿಗಳಿಗೆ ಹೆದರುತ್ತಿದ್ದರು ಕೂಡ.

ಕೆನಿ ಕೊಟ್ಟ ವಿವರಣೆ ತಪ್ಪಾಗಿತ್ತು. ತೊಂದರೆಯೆಲ್ಲ ಸ್ನಾಯುವಿನ ಸೆಳೆತದಲ್ಲಿದೆ ಎಂದು ಅವರು ಹಟ ಹಿಡಿದಿದ್ದರು. ಪೋಲಿಯೊ ವೈರಸ್ ಕೊಲ್ಲುವುದು ಬೆನ್ನುಹುರಿಯ ನರಕೋಶಗಳನ್ನು, ಸತ್ತ ನರಕೋಶವನ್ನು ಯಾವ ಕಂಬಳಿಯೂ ಎಬ್ಬಿಸಲಾರದು. ಆದರೆ ಸೆಳೆತದ ನೋವು ಇಳಿಸುವುದು, ಕೀಲು ಮರಗಟ್ಟದಂತೆ ನೋಡಿಕೊಳ್ಳುವುದು, ಉಳಿದ ನರಗಳಿಂದ ಕೆಲಸ ತೆಗೆಯುವುದು, ಇವೆಲ್ಲ ನಿಜವೇ ಆಗಿದ್ದವು. ಅವರ ಅಹಂಕಾರದ ಕಥೆಗಳೂ ಕಡಿಮೆಯಿಲ್ಲ, ವೈದ್ಯರ ಅಹಂಕಾರದ ಕಥೆಗಳೂ ಕಡಿಮೆಯಿಲ್ಲ. 1952ರಲ್ಲಿ ಅವರು ತೀರಿಕೊಂಡರು. 1955ರಲ್ಲಿ ಸಾಲ್ಕ್ ಲಸಿಕೆ ಬಂದು ಕಂಬಳಿಗಳ ಅಗತ್ಯವೇ ಮುಗಿಯುತ್ತಾ ಬಂತು.

ಸ್ಟೂಪ್ ಹೋಗಿದ್ದೂ ಹಾಗೆಯೇ. ಅದನ್ನು ಯಾರೂ ಸುಳ್ಳೆಂದು ಸಾಬೀತುಮಾಡಿ ಓಡಿಸಲಿಲ್ಲ. ಕುರುವಿಗೆ ಪೆನಿಸಿಲಿನ್ ಬಂತು, ಟೈಫಾಯ್ಡಿಗೆ ಕ್ಲೋರಾಂಫೆನಿಕಾಲ್ ಬಂತು, ನೋವಿಗೆ ಮಾತ್ರೆ ಬಂತು. ಒಬ್ಬ ರೋಗಿಗೆ ಅರ್ಧ ಗಂಟೆ ಕೊಡುವಷ್ಟು ಪುರುಸೊತ್ತು ವಾರ್ಡಿನಲ್ಲಿ ಉಳಿಯಲಿಲ್ಲ. ರಬ್ಬರಿನ ಬಿಸಿನೀರಿನ ಚೀಲದ ಮುಂದೆ ಹಿಂಡುವ ಕೋಲುಗಳು ಮೂಲೆ ಸೇರಿದವು, ಆ ಚೀಲವನ್ನೂ ಈಗ ಕರೆಂಟಿನ ಪ್ಯಾಡು ಓಡಿಸುತ್ತಿದೆ.

ಶಾಖದ ಗುಣ ಮಾತ್ರ ಹಾಗೇ ಇದೆ, ಈಗ ಅದಕ್ಕೆ ಕಾರಣಗಳೂ ಗೊತ್ತು. ಬಿಸಿಗೆ ರಕ್ತನಾಳಗಳು ಹಿಗ್ಗಿ ಆ ಜಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ, ಸೆಟೆದ ಸ್ನಾಯು ಸಡಿಲವಾಗುತ್ತದೆ. ಮೆಲ್ಝಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳಿಗೆ ಒಂದು ಬಾಗಿಲಿದೆ, ಸ್ಪರ್ಶದಂಥ ಬೇರೆ ಸಂವೇದನೆಗಳು ಬಂದು ಅದನ್ನು ಅರ್ಧ ಮುಚ್ಚಬಲ್ಲವು. ಚರ್ಮದ ನರತುದಿಯಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೆರೆದುಕೊಳ್ಳುವ ಒಂದು ಪ್ರೋಟೀನನ್ನು ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಗುರುತಿಸಿತು. ಗುರುತಿಸಲು ಬಳಸಿದ್ದು ಮೆಣಸಿನಕಾಯಿಯ ಖಾರದ ಸತ್ವ, ಯಾಕೆಂದರೆ ಖಾರವೂ ಅದೇ ಬಾಗಿಲನ್ನು ತಟ್ಟುತ್ತದೆ. ಮೆಣಸಿನಕಾಯಿ ಕುಟ್ಟಿದ ಕೈ ಬೆಂಕಿಯಿಲ್ಲದೆ ಉರಿಯುವುದು ಏಕೆ ಎಂಬುದಕ್ಕೆ ಉತ್ತರವದು. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಜೂಲಿಯಸ್ ಅವರಿಗೆ ಪಾಲು ಸಂದಿತು. ಮುಟ್ಟಿನ ಹೊಟ್ಟೆನೋವಿನ ಬಗ್ಗೆ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸುಮಾರು 39 ಡಿಗ್ರಿಯ ಸಣ್ಣ ಕಾವನ್ನು ದಿನಕ್ಕೆ 12 ಗಂಟೆ ಹೊಟ್ಟೆಗೆ ಕೊಟ್ಟು ನೋಡಿತು. 400 ಮಿಲಿಗ್ರಾಂ ಐಬುಪ್ರೊಫೆನ್ ಮಾತ್ರೆಯನ್ನು ದಿನಕ್ಕೆ ಮೂರು ಬಾರಿ ತೆಗೆದುಕೊಂಡಷ್ಟೇ ಅದು ಕೆಲಸ ಮಾಡಿತ್ತು. ಗಮನಿಸಿ, 39 ಡಿಗ್ರಿ. ತಡೆಯಲಾರದಷ್ಟು ಬಿಸಿಯಿದ್ದರೇ ಗುಣ ಎಂದು ಹಲ್ಲು ಕಚ್ಚಿಕೊಂಡು ಸುಡಿಸಿಕೊಳ್ಳುವವರು ನಮ್ಮಲ್ಲಿ ಬಹಳ. ಗುಣ ಇರುವುದು ಹದವಾದ ಕಾವು ಹೆಚ್ಚು ಹೊತ್ತು ಇರುವುದರಲ್ಲಿ.

ಆಸ್ಪತ್ರೆಯಲ್ಲಿ ಹಳೆಯದರ ಒಂದು ತುಣುಕು ಇನ್ನೂ ಕಾಣಸಿಗುತ್ತದೆ. ಡ್ರಿಪ್ ಹಾಕಿದ ಕೈ ಊದಿ ಕೆಂಪಾದರೆ ಸಿಸ್ಟರ್ ಬಿಳಿ ಪುಡಿಯನ್ನು ಗ್ಲಿಸರಿನ್‌ನಲ್ಲಿ ಕಲಸಿ ಗಾಜ್ ಬಟ್ಟೆಗೆ ಸವರಿ ಸುತ್ತುತ್ತಾರಲ್ಲ, ವಾರ್ಡಿನ ಭಾಷೆಯಲ್ಲಿ ‘ಮ್ಯಾಗ್‌ಸಲ್ಫ್’, ಅದು ಪೌಲ್ಟಿಸ್ಸಿನ ಮೊಮ್ಮಗ. ಕಣ್ಣಿನ ರೆಪ್ಪೆಯ ಕುರುವಿಗೂ ಕಣ್ಣಿನ ಡಾಕ್ಟರು ಮೊದಲು ಹೇಳುವುದು ಬೆಚ್ಚಗಿನ ಬಟ್ಟೆಯನ್ನೇ, ರೆಪ್ಪೆಯ ಗ್ರಂಥಿಯಲ್ಲಿ ಗಟ್ಟಿಯಾದ ಜಿಡ್ಡು ಕರಗಲಿ ಎಂದು. ಹತ್ತು ನಿಮಿಷ ಇಡಿ ಎನ್ನುತ್ತಾರೆ, ಬಟ್ಟೆ ಎರಡೇ ನಿಮಿಷಕ್ಕೆ ತಣ್ಣಗಾಗುತ್ತದೆ, ರೋಗಿ ಅಲ್ಲಿಗೆ ಕೈಬಿಡುತ್ತಾನೆ.

ಇನ್ನು ಎಲ್ಲಿ ಬೇಡ ಎಂಬ ಮಾತು. ಕಾರಣ ಗೊತ್ತಿಲ್ಲದ ಹೊಟ್ಟೆನೋವಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂರಬಾರದು. ಅಪೆಂಡಿಕ್ಸ್ ಆಗಿದ್ದರೆ ನೋವು ಮರೆಯಾಗಿ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ. ಆಗತಾನೇ ಉಳುಕಿ ಊದುತ್ತಿರುವ ಕಾಲಿಗೆ ಶಾಖ ಕೊಟ್ಟರೆ ಊತ ಹೆಚ್ಚುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಚೀಲದ ಬಿಸಿ ಗೊತ್ತಾಗುವುದೇ ಬೊಬ್ಬೆ ಕಂಡ ಮೇಲೆ. ದಿನಗಟ್ಟಲೆ ಒಂದೇ ಜಾಗಕ್ಕೆ ಕಾವು ಕೊಟ್ಟರೆ ಚರ್ಮದ ಮೇಲೆ ಬಲೆ ಹೆಣೆದಂತೆ ಕಂದು ಗೆರೆಗಳು ಮೂಡುತ್ತವೆ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ದುಡಿಯುವವರಲ್ಲೂ ವೈದ್ಯರು ಇದನ್ನು ಕಂಡಿದ್ದಾರೆ. ಕಾಶ್ಮೀರದಲ್ಲಿ ಫೆರನ್ ಎಂಬ ನಿಲುವಂಗಿಯೊಳಗೆ ಕಾಂಗ್ರಿ ಎಂಬ ಕೆಂಡದ ಬುಟ್ಟಿ ಇಟ್ಟುಕೊಳ್ಳುವವರ ಹೊಟ್ಟೆ ತೊಡೆಗಳಲ್ಲಿ ಇದು ಮುಂದುವರಿದು ಚರ್ಮದ ಕ್ಯಾನ್ಸರೇ ಆದದ್ದುಂಟು. ಬಾಣಂತಿಯ ಎದೆ ಗಟ್ಟಿಯಾಗಿ ಕೆಂಪಾದಾಗ ಬಿಸಿ ಶಾಖ ಕೊಟ್ಟು ಚೆನ್ನಾಗಿ ನೀವಬೇಕು ಎಂಬುದು ನಮ್ಮ ಮನೆಗಳಲ್ಲಿ ಈಗಲೂ ಕಾನೂನು. ಎದೆಹಾಲು ವೈದ್ಯಕೀಯದ ಅಂತರರಾಷ್ಟ್ರೀಯ ಅಕಾಡೆಮಿ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ತಿರುಗಿಸಿ ಹಾಕಿದೆ: ಗಟ್ಟಿಯಾಗಿ ನೀವುವುದು ಬೇಡ, ಇಡುವುದಾದರೆ ಐಸ್ ಇಡಿ.